ಸಹಿ ಎಲ್ಲಿ ಹಾಕಬೇಕು?

ಮಾಟುಂಗದ ನಮ್ಮ ಕನ್ನಡ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳನ್ನು, ಕೆಲವರು ಕೇಳಿಕೊಂಡದ್ದರಿಂದ, ಬರಹಕ್ಕೆ ಇಳಿಸಿದ್ದೇನೆ. ಸಂಘಟಕರು ನನಗೆ ಕೊಟ್ಟ ವಿಷಯ ‘ರೋಗಿಯು ವೈದ್ಯರ ತೀರ್ಮಾನವನ್ನು ನಂಬಬೇಕೇ?’ ಎಂಬುದು. ನಾನು ವೈದ್ಯೆಯಲ್ಲ. ಮುಂಬೈಯ ಒಂದು ಮುನಿಸಿಪಲ್ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ 29 ವರ್ಷ ದುಡಿದು ನಿವೃತ್ತಳಾದವಳು. ಬಡ ರೋಗಿಗಳಿಗೆ ಟ್ರಸ್ಟುಗಳಿಂದ ಹಣ ಒದಗಿಸಿಕೊಡುವುದು, ದಿಕ್ಕಿಲ್ಲದವರ ಊರು ಹುಡುಕಿ ಮನೆಯವರಿಗೆ ಸುದ್ದಿ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಅದರ ಜೊತೆಗೆ, ಕನ್ನಡ ಬಲ್ಲವಳೆಂಬ ಒಂದೇ ಕಾರಣಕ್ಕೆ, ಕುಂದಾಪುರ, ಕಾರ್ಕಳ, ಕಲಬುರಗಿ, ವಿಜಯಪುರಗಳಿಂದ ಬಂದ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ನಿಂತು ಡಾಕ್ಟರ ಮಾತನ್ನು ಅವರಿಗೂ ಅವರ ಮಾತನ್ನು ಡಾಕ್ಟರಿಗೂ ದಾಟಿಸುವ ಕೆಲಸ ತಾನಾಗಿಯೇ ನನ್ನ ತಲೆಗೆ ಬಿತ್ತು. ಹೀಗೆ ಇಬ್ಬರ ನಡುವೆ ನಿಂತು ಕಂಡದ್ದೇ ಈ ವಿಷಯದಲ್ಲಿ ನನಗಿರುವ ಬಂಡವಾಳ.

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಹಿರಿಯರೊಬ್ಬರು ‘ವೈದ್ಯೋ ನಾರಾಯಣೋ ಹರಿಃ’ ಎಂದು ಹೇಳಿ ಮಾತು ಮುಗಿಸಿಬಿಡುತ್ತಾರೆ. ವೈದ್ಯನೆಂದರೆ ಸಾಕ್ಷಾತ್ ನಾರಾಯಣ, ಅವನನ್ನು ಪ್ರಶ್ನಿಸಬಾರದು ಎಂಬುದು ಅವರ ಭಾವನೆ. ಆದರೆ ಆ ಶ್ಲೋಕವನ್ನು ಮೊದಲಿನಿಂದ ಓದಿದರೆ ಅರ್ಥ ತಿರುಗಿ ನಿಲ್ಲುತ್ತದೆ. ‘ಶರೀರೇ ಜರ್ಜರೀಭೂತೇ ವ್ಯಾಧಿಗ್ರಸ್ತೇ ಕಲೇವರೇ, ಔಷಧಂ ಜಾಹ್ನವೀತೋಯಂ ವೈದ್ಯೋ ನಾರಾಯಣೋ ಹರಿಃ’: ದೇಹ ಜರ್ಜರಿತವಾಗಿ ರೋಗಕ್ಕೆ ತುತ್ತಾದಾಗ ಗಂಗಾಜಲವೇ ಔಷಧ, ಶ್ರೀಹರಿಯೇ ವೈದ್ಯ. ಮನುಷ್ಯರ ಮದ್ದು ಕೈಬಿಟ್ಟ ಹೊತ್ತಿನಲ್ಲಿ ಹೇಳಿಕೊಳ್ಳುವ ಈ ಸಮಾಧಾನದ ಮಾತಿನ ಕೊನೆಯ ಮೂರು ಪದಗಳನ್ನಷ್ಟೇ ಕತ್ತರಿಸಿಕೊಂಡು ನಾವು ಡಾಕ್ಟರ ಕೊರಳಿಗೆ ಹಾರ ಹಾಕಿದ್ದೇವೆ. ಆ ಹಾರವನ್ನು ಅವರೇನೂ ಕೇಳಿರಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ.

ಇದಕ್ಕಿಂತ ಆಳವಾಗಿ ಬೇರೂರಿರುವ ಇನ್ನೊಂದು ಪದ ನಮ್ಮಲ್ಲಿದೆ: ಕೈಗುಣ. ‘ಅವರ ಕೈಗುಣ ಒಳ್ಳೆಯದು, ಒಂದು ಸಲ ತೋರಿಸಿದರೆ ಸಾಕು’ ಎಂಬ ಮಾತನ್ನು ಕೇಳದ ಕನ್ನಡಿಗರು ಇರಲಾರರು. ನಾನು ಬೆಳೆದ ಪರೇಲಿನ ಚಾಳಿನ ಕೆಳಗೊಂದು ಡಿಸ್ಪೆನ್ಸರಿ ಇತ್ತು. ಅಲ್ಲಿಯ ಡಾಕ್ಟರರು ಕೆಂಪು ಮಿಕ್ಸ್‌ಚರಿನ ಬಾಟಲಿಗೆ ಡೋಸು ತಿಳಿಯಲೆಂದು ಕಾಗದವನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ ಕೊಡುತ್ತಿದ್ದರು, ನಮ್ಮ ಜ್ವರ ಮೂರನೆಯ ದಿನಕ್ಕೆ ಇಳಿಯುತ್ತಿತ್ತು. ಅಮ್ಮನ ಪಾಲಿಗೆ ಅದು ಕೈಗುಣ. ಆ ಜ್ವರಗಳಲ್ಲಿ ಬಹುಪಾಲು ಮಿಕ್ಸ್‌ಚರ್ ಇಲ್ಲದೆಯೂ ಮೂರನೆಯ ದಿನಕ್ಕೆ ಇಳಿಯುವಂಥವೇ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹಾಗೆಂದು ಆ ಡಾಕ್ಟರರ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಯಾವ ಜ್ವರ ತಾನಾಗಿ ಇಳಿಯುವುದು, ಯಾವುದು ಆಸ್ಪತ್ರೆಗೆ ಹೋಗಬೇಕಾದದ್ದು ಎಂದು ಕಣ್ಣಿನ ಬಿಳಿ ನೋಡಿ, ಹೊಟ್ಟೆ ಒತ್ತಿ ತಿಳಿಯುತ್ತಿದ್ದರಲ್ಲ, ಅವರ ನಿಜವಾದ ತೀರ್ಮಾನ ಅಲ್ಲಿತ್ತು. ನಾವು ಮಾತ್ರ ಅದನ್ನು ಬಾಟಲಿಯಲ್ಲಿ ಹುಡುಕುತ್ತಿದ್ದೆವು.

ಈಗ ವಾರ್ಡಿನ ಒಂದು ಸಂಗತಿ. 2006ರ ಮಳೆಗಾಲ. ಕೋಟೆ ಪ್ರದೇಶದ ಉಡುಪಿ ಹೋಟೆಲೊಂದರಲ್ಲಿ ಅಡುಗೆ ಭಟ್ಟರಾಗಿದ್ದ ಬೈಂದೂರು ಕಡೆಯ ಒಬ್ಬರಿಗೆ ಕೆನ್ನೆಯ ಒಳಗೆ ಗುಣವಾಗದ ಹುಣ್ಣಾಗಿ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿತ್ತು. ನಾಲ್ಕು ತಿಂಗಳು ಅದನ್ನು ಸುಣ್ಣದಿಂದ ಆದ ಗಾಯವೆಂದುಕೊಂಡಿದ್ದರಂತೆ. ಆಪರೇಷನ್ನಿನ ಹಿಂದಿನ ಸಂಜೆ ಹೌಸ್‌ಮನ್ ಬಂದರು, ಅಂದರೆ ವಾರ್ಡಿನ ಕಿರಿಯ ಡಾಕ್ಟರು, ಇಪ್ಪತ್ತೈದು ದಾಟದ ಹುಡುಗ, ಹಿಂದಿನ ರಾತ್ರಿ ನಿದ್ದೆಗೆಟ್ಟ ಕಣ್ಣು. ಕೇಸ್ ಪೇಪರ್ ತಿರುವುತ್ತಾ ಹಿಂದಿಯಲ್ಲಿ ಹೇಳಿದರು: ಕೆನ್ನೆಯ ಭಾಗ ತೆಗೆಯುತ್ತೇವೆ, ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುತ್ತೇವೆ, ಆದರೂ ‘ವಾಪಸ್ ಆನೇ ಕಾ ಚಾನ್ಸ್ ಹೈ’. ರೋಗಿಯ ಹೆಂಡತಿ ಅಷ್ಟು ಹೊತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದವರು ಈ ಮಾತು ಕೇಳಿದ್ದೇ ತಡ ಕೈ ಮುಗಿದರು, ಮುಖ ಅರಳಿತು. ಗಂಡ ಮನೆಗೆ ವಾಪಸ್ ಬರುವ ಚಾನ್ಸ್ ಇದೆ ಎಂದು ಅವರು ತಿಳಿದುಕೊಂಡಿದ್ದರು. ಡಾಕ್ಟರು ಹೇಳಿದ್ದು ರೋಗ ಮರಳಿ ಬರುವ ಸಂಭವವನ್ನು. ಹೌಸ್‌ಮನ್ನರು ಆ ಮುಗುಳ್ನಗೆಯನ್ನು ಒಪ್ಪಿಗೆಯೆಂದು ತಿಳಿದು ಫಾರಂ ಮುಂದಿಟ್ಟರು. ಫಾರಂ ಇಂಗ್ಲಿಷಿನಲ್ಲಿತ್ತು. ಭಟ್ಟರು ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಸಹಿ ಎಲ್ಲಿ ಹಾಕ್ಬೇಕು ಅಕ್ಕ?”

ಇಡೀ ವೃತ್ತಿಜೀವನದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಇದನ್ನು ನಂಬಿಕೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಂಬಬೇಕಾದರೆ ನಂಬದೆ ಇರುವ ದಾರಿಯೂ ಒಂದು ಇರಬೇಕು. ಭಟ್ಟರಿಗೆ ಆ ದಾರಿ ಇರಲಿಲ್ಲ, ಇದೆಯೆಂದು ಯಾರೂ ಹೇಳಿರಲೂ ಇಲ್ಲ. ನಾನು ಫಾರಂ ಪಕ್ಕಕ್ಕಿಟ್ಟು ‘ವಾಪಸ್’ ಎಂಬ ಪದದ ಅರ್ಥವನ್ನು ಆದಷ್ಟು ಮೆತ್ತಗೆ ಬಿಡಿಸಿ ಹೇಳಿದೆ. ಆಕೆ ಅಳಲಿಲ್ಲ, ಎದುರಿನ ಕಿಟಕಿಯ ಕಡೆ ನೋಡುತ್ತಾ ನಿಂತರು. ಭಟ್ಟರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೌಸ್‌ಮನ್ನರನ್ನು ನೋಡಿ ಕೇಳಿದರು: “ಹುಣ್ಣು ಬಾಯಲ್ಲಿ ಇರುವಾಗ ಕುತ್ತಿಗೆ ಯಾಕೆ ಕೊಯ್ಯುವುದು? ಕುತ್ತಿಗೆಯಲ್ಲಿ ಗಂಟಿಲ್ಲ ಅಂತ ನೀವೇ ಮುಟ್ಟಿ ನೋಡಿ ಹೇಳಿದ್ದಲ್ಲ?” ನಾನು ಅನುವಾದಿಸಿದೆ. ಹೌಸ್‌ಮನ್ ಹೇಳಿದ ಉತ್ತರ: “ಸರ್ ಹೇಳಿದ್ದಾರೆ.”

ಏಳನೆಯ ತರಗತಿ ಓದಿದ ಅಡುಗೆ ಭಟ್ಟರು ಕೇಳಿದ ಆ ಪ್ರಶ್ನೆ, ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸಕರು ದಶಕಗಳಿಂದ ತಮ್ಮತಮ್ಮಲ್ಲೇ ವಾದಿಸಿಕೊಂಡು ಬಂದಿದ್ದ ಪ್ರಶ್ನೆಯೇ ಆಗಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗದಿದ್ದಾಗ, ಕಣ್ಣಿಗೆ ಕಾಣದ ರೋಗ ಅಲ್ಲಿನ ಗ್ರಂಥಿಗಳಲ್ಲಿ ಅಡಗಿರಬಹುದೆಂದು ಅವನ್ನು ಮೊದಲೇ ತೆಗೆದುಹಾಕಬೇಕೆನ್ನುವವರು ಒಂದು ಕಡೆ. ಬಹಳ ಮಂದಿಗೆ ಅದು ವ್ಯರ್ಥ ಕೊಯ್ತ, ಹೆಗಲಿನ ಬಲವೂ ಹೋದೀತು, ಗಂಟು ಕಾಣಿಸಿಕೊಂಡಾಗ ತೆಗೆದರಾಯಿತು ಎನ್ನುವವರು ಇನ್ನೊಂದು ಕಡೆ. ಎರಡು ಕಡೆಯಲ್ಲೂ ಅನುಭವಿಗಳಿದ್ದರು. ಒಂದೇ ಆಸ್ಪತ್ರೆಯ ಒಂದು ಯುನಿಟ್‌ನಲ್ಲಿ ಭರ್ತಿಯಾದರೆ ಕುತ್ತಿಗೆ ಕೊಯ್ಯಿಸಿಕೊಳ್ಳುವುದು, ಪಕ್ಕದ ಯುನಿಟ್‌ನಲ್ಲಾದರೆ ಇಲ್ಲ ಎಂಬಂತಿತ್ತು. ಯಾವ ವಾರ ಓಪಿಡಿಗೆ ಬಂದಿರಿ ಎಂಬುದರ ಮೇಲೆ ನಿಂತ ತೀರ್ಮಾನವನ್ನು ‘ವೈದ್ಯರ ತೀರ್ಮಾನ’ ಎಂದು ನಂಬುವುದಾದರೂ ಹೇಗೆ?

ಈ ವಾದವನ್ನು ಬಗೆಹರಿಸಿದ್ದು ಇಲ್ಲೇ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ. 2004ರಿಂದ 2014ರವರೆಗೆ ಅಲ್ಲಿ 596 ರೋಗಿಗಳು, ಅವರ ಒಪ್ಪಿಗೆ ಪಡೆದ ನಂತರ, ಎರಡು ಗುಂಪುಗಳಾಗಿ ಹಂಚಿಕೆಯಾದರು. ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರರೂ ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ, ಚೀಟಿ ಎತ್ತಿದಂತೆ ನಿರ್ಧಾರವಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷದ ಬಳಿಕ ಬದುಕಿದ್ದವರು ಶೇ. 80. ಕಾದು ನೋಡಿದವರಲ್ಲಿ ಶೇ. 67.5. ಭಟ್ಟರ ಡಾಕ್ಟರರ ತೀರ್ಮಾನ ಸರಿಯಾಗಿತ್ತು ಎಂದಾಯಿತು. ಆದರೆ 2006ರಲ್ಲಿ ಅದು ಸರಿಯೆಂದು ಅವರಿಗೂ ಗೊತ್ತಿರಲಿಲ್ಲ. ಆ ದಿನ ಹೇಳಬಹುದಾಗಿದ್ದ ಅತ್ಯಂತ ಪ್ರಾಮಾಣಿಕ ಉತ್ತರ, ‘ಈ ವಿಷಯದಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯಗಳಿವೆ, ನಮ್ಮ ಸರ್ ಈ ಕಾರಣಕ್ಕೆ ಈ ಕಡೆಗಿದ್ದಾರೆ’ ಎಂಬುದು. ಅದನ್ನು ಹೇಳಲು ಅರ್ಧ ನಿಮಿಷ ಸಾಕು. ಭಟ್ಟರು ಆಗಲೂ ಸಹಿ ಹಾಕುತ್ತಿದ್ದರೆಂದೇ ನನ್ನ ಊಹೆ, ಆದರೆ ಎಲ್ಲಿ ಹಾಕುವುದು ಎಂಬುದರ ಜೊತೆಗೆ ಯಾಕೆ ಹಾಕುವುದು ಎಂಬುದೂ ಅವರಿಗೆ ತಿಳಿದಿರುತ್ತಿತ್ತು.

ನನ್ನ ಮಾತಿನ ತಿರುಳು ಇಷ್ಟು. ನಾವು ‘ವೈದ್ಯರ ತೀರ್ಮಾನ’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಎರಡು ತೀರ್ಮಾನಗಳು ಸೇರಿಕೊಂಡಿರುತ್ತವೆ. ಇದು ಯಾವ ರೋಗ, ಹೀಗೆ ಮಾಡಿದರೆ ಏನಾಗುತ್ತದೆ, ಮಾಡದಿದ್ದರೆ ಏನಾಗುತ್ತದೆ ಎಂಬುದು ಒಂದು. ಇದರಲ್ಲಿ ಡಾಕ್ಟರರ ಓದಿಗೂ ಅನುಭವಕ್ಕೂ ನಾವು ತಲೆಬಾಗಲೇಬೇಕು, ಆಧಾರ ಏನೆಂದು ಕೇಳುವ ಹಕ್ಕನ್ನು ಮಾತ್ರ ಉಳಿಸಿಕೊಂಡು. ಆಗುವುದರಲ್ಲಿ ಯಾವುದನ್ನು ಸಹಿಸಿಕೊಂಡು ಬಾಳಬಹುದು, ಯಾವುದಕ್ಕಾಗಿ ಯಾವುದನ್ನು ಕಳೆದುಕೊಳ್ಳಬಹುದು ಎಂಬುದು ಇನ್ನೊಂದು. ಆಪರೇಷನ್ನಿನ ನಂತರ ಭಟ್ಟರಿಗೆ ದೋಸೆ ಕಾವಲಿಯ ಮುಂದೆ ದಿನಕ್ಕೆ ಹತ್ತು ಗಂಟೆ ಕೈಯೆತ್ತಿ ಕೆಲಸ ಮಾಡಲು ಹೆಗಲು ಬೇಕಿತ್ತು. ಆ ಹೆಗಲಿನ ಬೆಲೆ ಯಾವ ವೈದ್ಯಕೀಯ ಪುಸ್ತಕದಲ್ಲೂ ಬರೆದಿಲ್ಲ. ಈ ಎರಡನೆಯ ತೀರ್ಮಾನದಲ್ಲಿ ಡಾಕ್ಟರರನ್ನು ನಂಬಬೇಕೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅದು ಅವರದ್ದಲ್ಲ.

ನಮ್ಮ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು 1995ರಲ್ಲಿ ಲ್ಯಾಪರೋಸ್ಕೋಪಿಯಿಂದ ಒಳಗೆ ನೋಡಿ ರೋಗ ಪತ್ತೆ ಮಾಡಲು ಒಪ್ಪಿಗೆ ಕೊಟ್ಟಿದ್ದರು. ಅರಿವಳಿಕೆಯಲ್ಲಿರುವಾಗಲೇ, ಹೊರಗೆ ಕುಳಿತಿದ್ದ ವೃದ್ಧ ತಾಯಿಯ ಸಹಿ ಪಡೆದು, ಅವರ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ವೈದ್ಯರು ಸದುದ್ದೇಶದಿಂದಲೇ ಮಾಡಿದ್ದೆಂದು ನ್ಯಾಯಾಲಯ ಒಪ್ಪಿತು. ಆದರೂ ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಿದ್ದಾಗ ಪ್ರಜ್ಞೆ ಮರಳುವವರೆಗೆ ಕಾಯಬೇಕಿತ್ತು, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ ತಾಯಿಯ ಸಹಿ ನಡೆಯದು ಎಂದು ತೀರ್ಪಿತ್ತಿತು. ಪರಿಹಾರವೆಂದು ಸಿಕ್ಕಿದ್ದು 25,000 ರೂಪಾಯಿ, ಅದೂ ಹದಿಮೂರು ವರ್ಷಗಳ ನಂತರ. ಮೊತ್ತ ನೋಡಿದರೆ ನಗು ಬರುತ್ತದೆ, ತತ್ವ ಮಾತ್ರ ದೊಡ್ಡದು.

ಹೀಗೆಲ್ಲ ತಿಳಿದಿದ್ದ ನಾನೇ ನನ್ನ ಸರದಿ ಬಂದಾಗ ಹೇಗೆ ನಡೆದುಕೊಂಡೆ ಎಂಬುದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಯಜಮಾನರಿಗೆ ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಎದೆ ಬಿಗಿದುಕೊಳ್ಳತೊಡಗಿತು. ನಿಂತರೆ ಎರಡು ನಿಮಿಷದಲ್ಲಿ ಸರಿಹೋಗುತ್ತಿತ್ತು. ಆರು ತಿಂಗಳಿನಿಂದ ಅಷ್ಟೇ ಇತ್ತು, ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಖಾಸಗಿ ಆಸ್ಪತ್ರೆಯೊಂದರಲ್ಲಿ ಹೃದಯದ ರಕ್ತನಾಳಗಳನ್ನು ನೋಡುವ ಆಂಜಿಯೋಗ್ರಫಿಗೆ ಬೆಳಿಗ್ಗೆ ಎಂಟಕ್ಕೆ ಕರೆದೊಯ್ದರು. ಅರ್ಧ ಗಂಟೆ ಕಳೆದಿರಬಹುದು, ಹಸಿರು ಟೋಪಿಯ ಡಾಕ್ಟರೊಬ್ಬರು ಸೀಸದ ಏಪ್ರನ್ ತೊಟ್ಟೇ ಹೊರಗೆ ಬಂದು ನನ್ನನ್ನು ಒಳಗಿನ ಪರದೆಯ ಮುಂದೆ ನಿಲ್ಲಿಸಿದರು. ಕಪ್ಪು ಬೇರಿನಂಥ ರಕ್ತನಾಳ, ಒಂದು ಕಡೆ ಇರುವೆಯ ಸೊಂಟದಂತೆ ಸಪೂರವಾಗಿತ್ತು. “ತೊಂಬತ್ತು ಪರ್ಸೆಂಟ್ ಬ್ಲಾಕ್. ಪೇಷಂಟ್ ಟೇಬಲ್ ಮೇಲೇ ಇದ್ದಾರೆ, ಈಗಲೇ ಸ್ಟೆಂಟ್ ಹಾಕಿಬಿಡೋಣ. ಐದು ನಿಮಿಷದಲ್ಲಿ ಹೇಳಿ,” ಎಂದರು. ಸ್ಟೆಂಟ್ ಎಂದರೆ ಸಪೂರವಾದ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಜಾಲರಿಯ ಸಣ್ಣ ನಳಿಗೆ. ನನಗೆ ಐದು ನಿಮಿಷವೂ ಬೇಕಾಗಲಿಲ್ಲ. 29 ವರ್ಷ ಬೇರೆಯವರಿಗೆ ‘ಕೇಳಿ ತಿಳಿದುಕೊಳ್ಳಿ’ ಎಂದು ಬುದ್ಧಿ ಹೇಳಿದ ನಾನು ಕೇಳಿದ್ದು ಇಷ್ಟೇ: ಸಹಿ ಎಲ್ಲಿ ಹಾಕಬೇಕು?

ಅಂದು ಕೇಳಬೇಕಾಗಿದ್ದ ಪ್ರಶ್ನೆ ಏನೆಂದು ಆಮೇಲೆ ಓದಿ ತಿಳಿದುಕೊಂಡೆ. ‘ಬ್ಲಾಕ್’ ಎಂಬ ಒಂದೇ ಪದ ಎರಡು ಬೇರೆ ಬೇರೆ ಪರಿಸ್ಥಿತಿಗಳಿಗೆ ಬಳಕೆಯಾಗುತ್ತದೆ. ಹೃದಯಾಘಾತ ಆಗುತ್ತಿರುವ ಹೊತ್ತಿನಲ್ಲಿ ರಕ್ತನಾಳ ಪೂರ್ತಿ ಮುಚ್ಚಿಕೊಂಡಿರುತ್ತದೆ, ಆಗ ಸ್ಟೆಂಟ್ ಎಷ್ಟು ಬೇಗ ಬಿದ್ದರೆ ಅಷ್ಟು ಮಟ್ಟಿಗೆ ಹೃದಯದ ಸ್ನಾಯು ಉಳಿಯುತ್ತದೆ. ಅಲ್ಲಿ ಪ್ರಶ್ನೆ ಕೇಳುತ್ತಾ ಕೂರುವುದು ಮೂರ್ಖತನ, ಡಾಕ್ಟರರ ಕೈಗೆ ಒಪ್ಪಿಸಿಬಿಡಬೇಕು. ನನ್ನ ಯಜಮಾನರದ್ದು ಹಾಗಲ್ಲ, ತಿಂಗಳುಗಳಿಂದ ಒಂದೇ ಹದದಲ್ಲಿದ್ದ ಎದೆನೋವು. ಇಂಥವರ ಬಗ್ಗೆ 2007ರಲ್ಲಿ ‘ಕರೇಜ್’ ಎಂಬ ಅಧ್ಯಯನ ಬಂತು. 2,287 ರೋಗಿಗಳಲ್ಲಿ ಒಂದು ಗುಂಪಿಗೆ ಸರಿಯಾದ ಔಷಧ, ಇನ್ನೊಂದಕ್ಕೆ ಅದೇ ಔಷಧದ ಜೊತೆಗೆ ಸ್ಟೆಂಟ್. ನಾಲ್ಕೂವರೆ ವರ್ಷಗಳ ನಂತರ ಸಾವು ಅಥವಾ ಹೃದಯಾಘಾತ ಕಂಡವರು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮ, ನೂರಕ್ಕೆ ಹತ್ತೊಂಬತ್ತರ ಆಸುಪಾಸು. 2020ರಲ್ಲಿ ಪ್ರಕಟವಾದ, ಭಾರತದ ರೋಗಿಗಳೂ ಸೇರಿ 5,179 ಜನರಿದ್ದ ‘ಇಸ್ಕೀಮಿಯಾ’ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ಮಾಡಿತು. ಎಡಭಾಗದ ಮುಖ್ಯ ರಕ್ತನಾಳದ ಕಾಯಿಲೆಯಂಥ ಕೆಲವು ಸ್ಥಿತಿಗಳನ್ನು ಆ ಅಧ್ಯಯನದಿಂದ ಹೊರಗಿಟ್ಟಿದ್ದರು ಎಂಬುದನ್ನೂ ಹೇಳಬೇಕು, ಎಲ್ಲರಿಗೂ ಅದನ್ನೇ ಅಳವಡಿಸಲಾಗದು.

ಪೈಪಿನಲ್ಲಿ ಕಸ ಕಟ್ಟಿಕೊಂಡಿದೆ, ತೆಗೆದರೆ ನೀರು ಹರಿಯುತ್ತದೆ ಎಂಬ ಸರಳ ತರ್ಕಕ್ಕೆ ಇದು ವಿರುದ್ಧವಾಗಿ ಕಾಣುತ್ತದೆ. ಆದರೆ ಹೃದಯಾಘಾತ ಬಹಳ ಸಲ ಆಗುವುದು ಅತಿ ಸಪೂರವಾದ ಜಾಗದಲ್ಲೇ ಅಲ್ಲ. ರಕ್ತನಾಳದ ಗೋಡೆಯೊಳಗೆ ಎಲ್ಲೋ ಇರುವ ಮೆದು ಕೊಬ್ಬಿನ ಹುಣ್ಣು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ನಾಳ ಥಟ್ಟನೆ ಮುಚ್ಚಿಹೋಗುತ್ತದೆ. ಆ ಹುಣ್ಣು ಆಂಜಿಯೋಗ್ರಾಮಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣಬೇಕೆಂದೇನೂ ಇಲ್ಲ. ಸ್ಟೆಂಟ್ ಒಂದು ಜಾಗವನ್ನು ಅಗಲ ಮಾಡುತ್ತದೆ, ಮಾತ್ರೆಗಳು ಇಡೀ ಮರದ ಮೇಲೆ ಕೆಲಸ ಮಾಡುತ್ತವೆ. ಹಾಗಾದರೆ ಸ್ಟೆಂಟ್ ಹಾಕಿಸಿಕೊಂಡವರು ‘ಈಗ ಆರಾಮ’ ಎನ್ನುತ್ತಾರಲ್ಲ? 2017ರಲ್ಲಿ ಬ್ರಿಟನ್ನಿನಲ್ಲಿ ‘ಆರ್ಬಿಟಾ’ ಎಂಬ ಅಧ್ಯಯನದವರು ಧೈರ್ಯದ ಕೆಲಸವೊಂದನ್ನು ಮಾಡಿದರು. ಅರ್ಧ ಮಂದಿಗೆ ಸ್ಟೆಂಟ್ ಹಾಕಿ, ಉಳಿದವರಿಗೆ ಹಾಕಿದಂತೆ ಮಾಡಿ ಬಿಟ್ಟರು, ಯಾರಿಗೆ ಹಾಕಿದ್ದೆಂದು ರೋಗಿಗಳಿಗೆ ಹೇಳಲಿಲ್ಲ. ಔಷಧ ಚೆನ್ನಾಗಿ ತೆಗೆದುಕೊಳ್ಳುತ್ತಿದ್ದ ಆ ರೋಗಿಗಳಲ್ಲಿ, ನಡೆಯುವ ಸಾಮರ್ಥ್ಯದ ಸುಧಾರಣೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಮ್ಮ ಇದ್ದಿದ್ದರೆ ಕೈಗುಣ ಎನ್ನುತ್ತಿದ್ದರು. ಅದೇ ತಂಡ 2023ರಲ್ಲಿ ಎದೆನೋವಿನ ಔಷಧ ನಿಲ್ಲಿಸಿದವರ ಮೇಲೆ ಮತ್ತೊಮ್ಮೆ ಪರೀಕ್ಷಿಸಿದಾಗ ಸ್ಟೆಂಟಿನಿಂದ ನೋವು ನಿಜವಾಗಿಯೂ ಕಡಿಮೆಯಾಗುತ್ತದೆಂದು ಕಂಡುಬಂತು, ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಪ್ರಕಟಿಸಿದರು. ನಾನು ವೈದ್ಯಕೀಯವನ್ನು ನಂಬುವುದು ಇಂಥ ಜನರಿರುವುದರಿಂದ.

ನನ್ನ ಯಜಮಾನರು ಈಗ ಚೆನ್ನಾಗಿದ್ದಾರೆ, ಸೇತುವೆ ಹತ್ತುತ್ತಾರೆ. ಅದು ಸ್ಟೆಂಟಿನಿಂದಲೋ, ಅಂದಿನಿಂದ ತಪ್ಪದೆ ನುಂಗುತ್ತಿರುವ ಮಾತ್ರೆಗಳಿಂದಲೋ, ಬಿಟ್ಟ ಸಿಗರೇಟಿನಿಂದಲೋ ಹೇಳಲು ಬಾರದು. ಆ ಡಾಕ್ಟರರು ತಪ್ಪು ಮಾಡಿದರೆಂದೂ ನಾನು ಹೇಳುತ್ತಿಲ್ಲ, ಮೆಟ್ಟಿಲು ಹತ್ತುವಾಗಿನ ನೋವು ಹೋಗಬೇಕೆಂದು ಬಯಸುವವರಿಗೆ ಸ್ಟೆಂಟ್ ನ್ಯಾಯವಾದ ಆಯ್ಕೆಯೇ. ನನ್ನ ತಕರಾರು ‘ಐದು ನಿಮಿಷ’ದ ಬಗ್ಗೆ. ಆರು ತಿಂಗಳಿನಿಂದ ಇದ್ದ ನೋವಿಗೆ ಐದು ನಿಮಿಷದ ಗಡುವು ಎಲ್ಲಿಂದ ಬಂತು? ರೋಗದಿಂದ ಬಂದದ್ದಲ್ಲ. ಮನೆಗೆ ಹೋಗಿ ಯೋಚಿಸಿ ಇನ್ನೊಂದು ದಿನ ಬರುವುದಾದರೆ ಮತ್ತೊಮ್ಮೆ ಕೈಯ ರಕ್ತನಾಳಕ್ಕೆ ಚುಚ್ಚಬೇಕಾಗುತ್ತದೆ ಎಂಬ ಅನುಕೂಲದ ಮಾತಿದೆ, ಒಪ್ಪುತ್ತೇನೆ. ಹಾಗಿದ್ದರೆ ಆ ಚರ್ಚೆಯನ್ನು ಹಿಂದಿನ ದಿನವೇ, ರೋಗಿ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕುಳಿತಿರುವಾಗಲೇ ಮಾಡಬಹುದಿತ್ತು. ಟೇಬಲ್ ಮೇಲೆ ಮಲಗಿದವರ ಹೆಂಡತಿಯ ಒಪ್ಪಿಗೆ ಒಪ್ಪಿಗೆಯಲ್ಲ, ಅದು ಭಯ.

ಹಣದ ಮಾತಿಗೆ ಬರದೆ ಮುಂಬೈಯಲ್ಲಿ ಈ ವಿಷಯ ಮುಗಿಯುವುದಿಲ್ಲ. ಇಲ್ಲಿ ‘ಕಟ್ ಪ್ರಾಕ್ಟೀಸ್’ ಎಂಬ ಪದಕ್ಕೆ ಯಾರಿಗೂ ವಿವರಣೆ ಬೇಡ: ರೋಗಿಯನ್ನು ಕಳುಹಿಸಿಕೊಟ್ಟ ಡಾಕ್ಟರಿಗೆ ಲ್ಯಾಬಿನವರೋ, ಸ್ಪೆಷಲಿಸ್ಟರೋ ಕೊಡುವ ಪಾಲು. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಇದನ್ನು ನಿಷೇಧಿಸಿದೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಇದರ ವಿರುದ್ಧ ಕಾಯ್ದೆಯ ಕರಡನ್ನೂ ಸಿದ್ಧಪಡಿಸಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಕೇಂದ್ರವು ಔಷಧ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿದಾಗ, ಅದಕ್ಕೆ ಮೊದಲು ಲಕ್ಷಕ್ಕೂ ಮೇಲೆ ತೆತ್ತವರು ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತದ್ದು ನೆನಪಿದೆ. ಹೆರಿಗೆಯ ಲೆಕ್ಕವಂತೂ ಸರ್ಕಾರದ್ದೇ ಇದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3 ಸಿಸೇರಿಯನ್, ಖಾಸಗಿಯವುಗಳಲ್ಲಿ ಶೇ. 47.4. ಹೆಂಗಸರ ಸೊಂಟದ ಅಳತೆ ಆಸ್ಪತ್ರೆಯ ಬಾಗಿಲಿಗೆ ತಕ್ಕಂತೆ ಬದಲಾಗುವುದಿಲ್ಲವಲ್ಲ. ಈ ಅಂತರದಲ್ಲಿ ಎಲ್ಲವೂ ದುರಾಸೆಯೇ ಎನ್ನಲಾಗದು. ಮುಹೂರ್ತ ನೋಡಿ ಹೆರಿಗೆ ಮಾಡಿಸಿ ಎಂದು ಕೇಳುವ ನಮ್ಮವರದ್ದೂ ಅದರಲ್ಲಿ ಪಾಲಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಬೇಕಾದವರಿಗೂ ಸಿಗದಿರುವುದೂ ಇದೆ.

ನಮ್ಮ ಪಾಲು ಎಂದೆ. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ನಾವು ಒಳ್ಳೆಯ ಕಾಕತಾಳೀಯಕ್ಕೆ ಬಳಸುತ್ತೇವೆ, ಆದರೆ ನನಗೆ ಅದರಲ್ಲಿ ಎಚ್ಚರಿಕೆ ಕಾಣುತ್ತದೆ. ನೆಗಡಿಗೆ ಇಂಜೆಕ್ಷನ್ ಬಯಸುವವರಿಗೆ ಇಂಜೆಕ್ಷನ್, ಸುಸ್ತಿಗೆ ಸಲೈನ್ ಬಯಸುವವರಿಗೆ ಸಲೈನ್, ಗಂಟಲು ಕೆರೆತಕ್ಕೆ ಆ್ಯಂಟಿಬಯಾಟಿಕ್. ಏನೂ ಬೇಡ, ಬಿಸಿನೀರು ಕುಡಿದು ಮಲಗಿ ಎಂದ ಡಾಕ್ಟರರನ್ನು ಬಿಟ್ಟು ಪಕ್ಕದ ಓಣಿಗೆ ಹೋದವರು ಈ ಸಭೆಯಲ್ಲೂ ಇದ್ದಾರೆ, ಕೈ ಎತ್ತಬೇಕಾಗಿಲ್ಲ.

ಒಳ್ಳೆಯ ಡಾಕ್ಟರರೂ ಎಡವುವ ಒಂದು ಜಾಗವಿದೆ, ಅದು ಪರೀಕ್ಷೆಯ ವರದಿ. ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಯಾವ ತೊಂದರೆಯೂ ಇಲ್ಲದ ಸಾವಿರ ಮಹಿಳೆಯರಲ್ಲಿ ಹತ್ತು ಮಂದಿಗೆ ರೋಗ ಇದೆ ಎನ್ನಿ. ಪರೀಕ್ಷೆ ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ, ಉಳಿದ 990 ಆರೋಗ್ಯವಂತರಲ್ಲಿ ನೂರಕ್ಕೆ ಒಂಬತ್ತರಂತೆ 89 ಮಂದಿಗೆ ಸುಳ್ಳೇ ‘ಪಾಸಿಟಿವ್’ ಎನ್ನುತ್ತದೆ. ಈಗ ಪಾಸಿಟಿವ್ ಬಂದವರು 98, ನಿಜವಾಗಿ ರೋಗವಿರುವವರು ಅವರಲ್ಲಿ 9. ಪರೀಕ್ಷೆ ನೂರಕ್ಕೆ ತೊಂಬತ್ತು ರೋಗಿಗಳನ್ನು ಹಿಡಿಯುತ್ತದೆ ಎಂಬ ಮಾತನ್ನು ‘ಪಾಸಿಟಿವ್ ಬಂದರೆ ನೂರಕ್ಕೆ ತೊಂಬತ್ತು ರೋಗವಿದೆ’ ಎಂದು ತಿರುಗಿಸಿ ಓದುವುದು ಬಹಳ ಸುಲಭ, ಓದಿದವರೂ ಓದುತ್ತಾರೆ. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳು ಹಬ್ಬದ ರಿಯಾಯಿತಿಯಂತೆ ಮಾರಾಟವಾಗುವ ಈ ನಗರದಲ್ಲಿ ಆ 89 ಮಂದಿಯ ನಿದ್ದೆಗೆಟ್ಟ ರಾತ್ರಿಗಳನ್ನು ಯಾರೂ ಎಣಿಸುವುದಿಲ್ಲ.

ನಂಬಿಕೆ ಪೂರ್ತಿ ಕಡಿದುಹೋದರೆ ಏನಾಗುತ್ತದೆ ಎಂಬುದನ್ನೂ ಈ ನಗರ ಕಂಡಿದೆ. ನಮ್ಮ ಸಭಾಂಗಣದ ಬಳಿಯ ಭಾವು ದಾಜಿ ರಸ್ತೆಗೆ ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದಲ್ಲಿ ಕಲಿತ ವೈದ್ಯರೊಬ್ಬರ ಹೆಸರಿದೆ, ಅಷ್ಟು ಗೌರವ. ಅದೇ ನಗರದಲ್ಲಿ 1896ರ ಸೆಪ್ಟೆಂಬರಿನಲ್ಲಿ ಗೋವಾ ಮೂಲದ ಡಾ. ಅಕಾಶಿಯೊ ವಿಯೇಗಸ್ ಮಾಂಡವಿಯಲ್ಲಿ ಪ್ಲೇಗನ್ನು ಗುರುತಿಸಿದ ನಂತರ, ಅಧಿಕಾರಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಒತ್ತಾಯದಿಂದ ಎತ್ತಿಕೊಂಡು ಹೋಗತೊಡಗಿದಾಗ, ಗಿರಣಿ ಕಾರ್ಮಿಕರು ಅಕ್ಟೋಬರಿನಲ್ಲಿ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ರೋಗವನ್ನು ಗುರುತಿಸಿದ ತೀರ್ಮಾನ ಸರಿಯಾಗಿತ್ತು, ಅದನ್ನು ಜನರ ಮೇಲೆ ಹೇರಿದ ರೀತಿ ಅದನ್ನು ಹಾಳುಗೆಡವಿತು. ಹಾಫ್‌ಕಿನ್ ಮಾಡಿದ್ದು ಬೇರೆ. ಈ ವಿಜ್ಞಾನಿ ತಾವು ತಯಾರಿಸಿದ ಪ್ಲೇಗಿನ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಆಮೇಲೆ ಭಾಯಖಳಾ ಜೈಲಿನಲ್ಲಿ ಹಾಕಿಸಿಕೊಂಡವರೆಷ್ಟು, ಹಾಕಿಸಿಕೊಳ್ಳದವರೆಷ್ಟು, ಎರಡೂ ಕಡೆ ರೋಗ ಬಂದವರೆಷ್ಟು ಎಂದು ಎಣಿಸಿ ತೋರಿಸಿದರು. ಕೈದಿಗಳು ಎಷ್ಟರ ಮಟ್ಟಿಗೆ ‘ಸ್ವಂತ ಇಚ್ಛೆಯಿಂದ’ ಮುಂದೆ ಬಂದಿರಬಹುದು ಎಂಬ ಅನುಮಾನ ನನಗೆ ಇಂದಿಗೂ ಇದೆ.

ಇಂದಿಗೂ ಇಂಥ ದಾಳಿ ನಿಂತಿಲ್ಲ. ರೋಗಿ ಸತ್ತರೆ ರೆಸಿಡೆಂಟ್ ಡಾಕ್ಟರ ಮೇಲೆ ಕೈ ಮಾಡುವವರನ್ನು ತಡೆಯಲು ಮಹಾರಾಷ್ಟ್ರವು 2010ರಲ್ಲೇ ಕಾಯ್ದೆ ತರಬೇಕಾಯಿತು. ಹೊಡೆತ ತಿನ್ನುವವನು ಹೆಚ್ಚಾಗಿ ಆ ಹೌಸ್‌ಮನ್ನಿನಂಥ ಹುಡುಗನೇ: ‘ಸರ್ ಹೇಳಿದ್ದಾರೆ’ ಎನ್ನುವುದಕ್ಕಿಂತ ಹೆಚ್ಚು ಹೇಳಲು ಅವನಿಗೆ ಅಧಿಕಾರವಿಲ್ಲ, ವೇಳೆಯೂ ಇಲ್ಲ. ಹಿಂದಿನ ದಿನ ಅರ್ಧ ನಿಮಿಷ ಸತ್ಯ ಹೇಳಿದ್ದರೆ ಬಾರದಿದ್ದ ಕೋಪ, ‘ಏನೂ ಆಗಲ್ಲ’ ಎಂಬ ಭರವಸೆ ಸುಳ್ಳಾದಾಗ ಬರುತ್ತದೆ.

ಉಪನ್ಯಾಸ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, “ಇದೆಲ್ಲ ಸರಿಯಮ್ಮ. ನಾವು ಹೀಗೆ ಕೇಳಿದರೆ ಡಾಕ್ಟರಿಗೆ ಸಿಟ್ಟು ಬರುವುದಿಲ್ಲವೇ?” ಎಂದರು. ಸಭೆ ನಕ್ಕಿತು, ಆದರೆ ನಗುವ ಪ್ರಶ್ನೆಯಲ್ಲ. ಕೆಲವರಿಗೆ ಬರುತ್ತದೆ. ಸಿಟ್ಟು ಬಂದರೆ ಕಾಗದಪತ್ರ ಕೇಳಿ ಪಡೆದು ಇನ್ನೊಬ್ಬರಿಗೆ ತೋರಿಸಬಹುದು: ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ. ಎರಡನೆಯ ಅಭಿಪ್ರಾಯ ಪಡೆಯುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ಮೊದಲಿನವರ ಹೆಸರು ಹೇಳದೆ ತೋರಿಸಿದರೆ ಇನ್ನೂ ಒಳ್ಳೆಯದು, ಎರಡನೆಯವರು ಸಂಕೋಚವಿಲ್ಲದೆ ಮಾತಾಡುತ್ತಾರೆ.

ಅವರಿಗೆ ನಾನು ಕೊಟ್ಟ ಉತ್ತರದ ಉಳಿದ ಭಾಗ ನಮ್ಮ ಮನೆಯದೇ. ಯಜಮಾನರನ್ನು ಈಗ ಸಯಾನ್‌ನ ಒಬ್ಬ ಡಾಕ್ಟರಲ್ಲಿ ತೋರಿಸುತ್ತೇವೆ. ಮೊದಲ ಭೇಟಿಯಲ್ಲೇ ನಾನು ಒಂದು ಮಾತ್ರೆಯ ಹೆಸರು ಹಿಡಿದು ಇದು ಇನ್ನೂ ಬೇಕೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಕೇಸ್ ಪೇಪರ್ ನೋಡಿ, “ನನಗೂ ಖಚಿತವಿಲ್ಲ. ನಿಲ್ಲಿಸಿದರೆ ರಕ್ತಸ್ರಾವದ ಅಪಾಯ ಕಡಿಮೆ, ಸ್ಟೆಂಟಿನೊಳಗೆ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚು. ನಿಮ್ಮ ಯಜಮಾನರಿಗೆ ಯಾವುದರ ಭಯ ಹೆಚ್ಚು?” ಎಂದು ಕೇಳಿದರು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಂದು ವಾರ ಯೋಚಿಸಿ ಫೋನ್ ಮಾಡಿ ತಿಳಿಸಿ ಎಂದು ಡಾಕ್ಟರರು ಬೆಲ್ ಒತ್ತಿ ಮುಂದಿನ ರೋಗಿಯನ್ನು ಕರೆದರು. ಆ ಭೇಟಿ ಒಟ್ಟು ಏಳು ನಿಮಿಷ ಹಿಡಿದಿರಬಹುದು. ಮುಂದಿನ ಸಲ ಹೋಗಬೇಕಾದದ್ದು ಬರುವ ಗುರುವಾರ. ಯಜಮಾನರೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದಾರೆ.